ದವಡೆ ಕೀಲಿನ ತೊಂದರೆ: ವಿದ್ಯಾರ್ಥಿಗಳು ತಾವೇ ಪರೀಕ್ಷಿಸಿಕೊಳ್ಳುವ ಬಗೆ

ಪರೀಕ್ಷೆ ಹತ್ತಿರವಾದ ದಿನಗಳಲ್ಲಿ ಬೆಂಗಳೂರಿನ ಯಾವುದಾದರೂ ಹಾಸ್ಟೆಲ್ಲಿನ ಊಟದ ಹಾಲಿನಲ್ಲಿ ಕುಳಿತು ಗಮನಿಸಿದರೆ, ಚಪಾತಿಯನ್ನು ಒಂದೇ ಬದಿಯಲ್ಲಿ ಅಗಿಯುವವರು, ಆಕಳಿಸುವಾಗ ಕಿವಿಯ ಮುಂಭಾಗವನ್ನು ಬೆರಳಿನಿಂದ ಒತ್ತಿ ಹಿಡಿಯುವವರು ಒಬ್ಬಿಬ್ಬರಾದರೂ ಕಣ್ಣಿಗೆ ಬೀಳುತ್ತಾರೆ. ನನ್ನ ಅಕ್ಕನ ಮಗಳು ಪದವಿಯ ಕೊನೆಯ ವರ್ಷದಲ್ಲಿದ್ದಾಗ, "ಚಿಕ್ಕಮ್ಮ, ಬೆಳಗ್ಗೆ ಎದ್ದಾಗ ದವಡೆ ಬಿಗಿದುಕೊಂಡಿರುತ್ತೆ, ಬಾಯಿ ತೆಗೆದರೆ ಟಕ್ ಅನ್ನುತ್ತೆ" ಎಂದಳು. ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಂದಿಗೆ ಈ ಕಾಯಿಲೆ ಇದೆಯೆಂದು ಎಲ್ಲೋ ಓದಿ ಅವಳು ಹೆದರಿದ್ದಳು. ಅದರ ಮೇಲೆ ಒಂದು ಕ್ಲಿನಿಕ್ಕಿನಲ್ಲಿ, ದವಡೆ ಹಲ್ಲುಗಳನ್ನು ತುಸು ಉಜ್ಜಿ ತಗ್ಗಿಸಿದರೆ ಸರಿಹೋಗುತ್ತದೆ ಎಂದೂ ಹೇಳಿ ಕಳುಹಿಸಿದ್ದರು. ಅವಳಂತೆ ಗಾಬರಿಗೊಂಡವರು ಹಲ್ಲಿಗೆ ಕೈ ಹಾಕಿಸುವ ಮೊದಲು ಏನು ಮಾಡಬೇಕೆಂಬುದನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಆ ಕೀಲನ್ನು ಗುರುತಿಸಿಕೊಳ್ಳಿ. ಕಿವಿಯ ರಂಧ್ರದಿಂದ ಒಂದು ಬೆರಳಗಲ ಮುಂದೆ ತೋರುಬೆರಳನ್ನಿಟ್ಟು ಬಾಯಿಯನ್ನು ನಿಧಾನವಾಗಿ ತೆರೆದು ಮುಚ್ಚಿದರೆ, ಚರ್ಮದ ಕೆಳಗೆ ಮೂಳೆಯೊಂದು ಸರಿದಾಡುವುದು ಬೆರಳಿಗೆ ತಿಳಿಯುತ್ತದೆ. ಈ ಕೀಲು ಬಾಗಿಲಿನ ಕೀಲಿನಂತೆ ತಿರುಗುವುದರ ಜೊತೆಗೆ, ಬಾಯಿ ಅಗಲವಾಗಿ ತೆರೆದಂತೆ ಮುಂದಕ್ಕೆ ಜಾರುತ್ತದೆ. ಎರಡು ಮೂಳೆಗಳ ನಡುವೆ ಮೆತ್ತನೆಯ ಬಿಲ್ಲೆಯಂತಹ ಒಂದು ಪದರವಿದ್ದು, ಅದು ತನ್ನ ಜಾಗದಿಂದ ಸ್ವಲ್ಪ ಸರಿದಿದ್ದರೆ ಬಾಯಿ ತೆರೆಯುವಾಗ ಮತ್ತೆ ಸ್ಥಾನಕ್ಕೆ ಬರುವ ಹೊತ್ತಿಗೆ ಟಕ್ ಎಂಬ ಸದ್ದು ಕೇಳಿಸುತ್ತದೆ. ನೋವಿಲ್ಲದೆ ಬರಿಯ ಸದ್ದಷ್ಟೇ ಇರುವವರು ಬಹಳ ಮಂದಿ ಇದ್ದಾರೆ. ಅವರಿಗೆ ಸಾಮಾನ್ಯವಾಗಿ ಚಿಕಿತ್ಸೆಯ ಅಗತ್ಯವಿರುವುದಿಲ್ಲ.

ಹಾಗಿದ್ದರೆ ಅರ್ಧದಷ್ಟು ವಿದ್ಯಾರ್ಥಿಗಳಿಗೆ ತೊಂದರೆ ಎಂಬ ಮಾತು ಎಲ್ಲಿಂದ ಬರುತ್ತದೆ? ಕಾಲೇಜುಗಳಲ್ಲಿ ನಡೆಯುವ ಸಮೀಕ್ಷೆಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು 1994ರಲ್ಲಿ ಬ್ರೆಜಿಲ್‌ನಲ್ಲಿ ರೂಪುಗೊಂಡ ಫೊನ್ಸೆಕಾ ಪ್ರಶ್ನಾವಳಿ. ಅದರಲ್ಲಿ ಹತ್ತು ಪ್ರಶ್ನೆಗಳಿದ್ದು, "ಹೌದು" ಎಂದರೆ 10, "ಕೆಲವೊಮ್ಮೆ" ಎಂದರೆ 5, "ಇಲ್ಲ" ಎಂದರೆ ಸೊನ್ನೆ ಅಂಕ. ಒಟ್ಟು 15ರವರೆಗೆ ಬಂದರೆ ತೊಂದರೆಯಿಲ್ಲ, 20ರಿಂದ 40 ಸೌಮ್ಯ, 45ರಿಂದ 65 ಮಧ್ಯಮ, 70 ಮತ್ತು ಅದಕ್ಕೂ ಮೇಲೆ ತೀವ್ರ ಎಂದು ವಿಂಗಡಿಸುತ್ತಾರೆ. ಬಾಯಿ ತೆರೆಯಲು ಕಷ್ಟವೇ, ಅಗಿಯುವಾಗ ದವಡೆ ದಣಿಯುತ್ತದೆಯೇ, ಕೀಲಿನಲ್ಲಿ ಸದ್ದಿದೆಯೇ ಎಂಬ ಪ್ರಶ್ನೆಗಳ ಜೊತೆಗೆ ತಲೆನೋವು, ಕತ್ತುನೋವು, ಆತಂಕದ ಸ್ವಭಾವ ಇವೆಯೇ ಎಂದೂ ಕೇಳಲಾಗುತ್ತದೆ. ಈಗ ಲೆಕ್ಕ ಹಾಕಿ ನೋಡಿ: ಪರೀಕ್ಷೆಯ ವಾರದಲ್ಲಿ ಕೆಲವೊಮ್ಮೆ ತಲೆನೋವು ಬರುವ, ಲ್ಯಾಪ್‌ಟಾಪಿನ ಮುಂದೆ ಕುಳಿತು ಕೆಲವೊಮ್ಮೆ ಕತ್ತು ಹಿಡಿಯುವ, ತಾನು ಆತಂಕದ ಸ್ವಭಾವದವನೆಂದು ಒಪ್ಪಿಕೊಳ್ಳುವ ಹುಡುಗನೊಬ್ಬನಿಗೆ 5, 5, 10 ಸೇರಿ 20 ಅಂಕ ಬರುತ್ತದೆ. ಅವನ ದವಡೆಯಲ್ಲಿ ಯಾವ ದೋಷವೂ ಇಲ್ಲದಿದ್ದರೂ ಅವನು "ಸೌಮ್ಯ" ಗುಂಪಿಗೆ ಸೇರುತ್ತಾನೆ. ಸಮೀಕ್ಷೆಗಳ ದೊಡ್ಡ ಶೇಕಡಾವಾರಿನಲ್ಲಿ ಬಹುಪಾಲು ಈ ಸೌಮ್ಯ ಗುಂಪಿನದೇ ಆಗಿರುತ್ತದೆ. ಅಮೆರಿಕದ ರಾಷ್ಟ್ರೀಯ ದಂತ ಸಂಶೋಧನಾ ಸಂಸ್ಥೆಯು ಸಾಮಾನ್ಯ ಜನರಲ್ಲಿ ಈ ತೊಂದರೆಯ ಪ್ರಮಾಣ ಶೇಕಡಾ 5ರಿಂದ 12 ಎಂದು ಅಂದಾಜಿಸುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ, ಮುದುಕರಿಗಿಂತ ಹರೆಯದವರಲ್ಲಿ ಇದು ಹೆಚ್ಚು ಎಂಬುದಂತೂ ನಿಜ. ಆದ್ದರಿಂದ ಪ್ರಶ್ನಾವಳಿಯನ್ನು ತುಂಬಿ ಬಂದ ಅಂಕವನ್ನು ರೋಗನಿರ್ಣಯವೆಂದು ತಿಳಿಯದೆ, ದವಡೆಯನ್ನು ಮುಟ್ಟಿ ನೋಡಬೇಕು.

ಕನ್ನಡಿಯ ಮುಂದೆ ನಿಂತು ನಿಧಾನವಾಗಿ ಬಾಯಿ ತೆರೆಯಿರಿ. ಗಲ್ಲ ನೇರವಾಗಿ ಇಳಿಯುತ್ತದೆಯೇ, ಒಂದು ಬದಿಗೆ ವಾಲುತ್ತದೆಯೇ ಎಂದು ನೋಡಿ. ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ಮುಂದಿನ ಹಲ್ಲುಗಳ ನಡುವೆ ನಿಲ್ಲಿಸಲು ಸಾಧ್ಯವಾದರೆ ಬಾಯಿ ಸಾಕಷ್ಟು ತೆರೆಯುತ್ತಿದೆ ಎಂದರ್ಥ. ಸ್ಕೇಲಿನಲ್ಲಿ ಅಳೆದರೆ ಸುಮಾರು 40 ಮಿಲಿಮೀಟರ್ ಅಥವಾ ಹೆಚ್ಚು ಇರಬೇಕು. ಆಮೇಲೆ ಎರಡು ಬೆರಳುಗಳಿಂದ ಕೆನ್ನೆಯ ದಪ್ಪ ಸ್ನಾಯುವನ್ನೂ ಕಣತಲೆಯನ್ನೂ ಒತ್ತಿ ನೋಡಿ. ವೈದ್ಯರು ಇಲ್ಲಿ ಸುಮಾರು ಒಂದು ಕಿಲೋದಷ್ಟು ಒತ್ತಡ ಹಾಕುತ್ತಾರೆ. ಮನೆಯಲ್ಲಿ ಅಡುಗೆಯ ತೂಕದ ಯಂತ್ರವಿದ್ದರೆ ಅದರ ಮೇಲೆ ಬೆರಳೊತ್ತಿ ಆ ಒತ್ತಡವನ್ನು ಕಲಿತುಕೊಳ್ಳಬಹುದು. ಒತ್ತಿದಾಗ ನೋವಾಯಿತೇ ಎಂಬುದಕ್ಕಿಂತ, ಕಳೆದ 30 ದಿನಗಳಲ್ಲಿ ನಿಮ್ಮನ್ನು ಕಾಡಿದ ನೋವು ಇದೇ ಹೌದೇ ಎಂಬ ಪ್ರಶ್ನೆ ಮುಖ್ಯ. 2014ರಿಂದ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ರೋಗನಿರ್ಣಯ ಮಾನದಂಡವೂ ಈ ಪರಿಚಿತ ನೋವನ್ನೇ ಆಧಾರವಾಗಿಟ್ಟುಕೊಂಡಿದೆ.

ನೋವು ಅದೇ ಎಂದು ಖಚಿತವಾದರೆ ಆರೈಕೆ ಶುರುವಾಗಬೇಕಾದುದು ಅಭ್ಯಾಸದಿಂದ. ಊಟ ಮಾಡದಿರುವಾಗ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಬಾರದು. ತುಟಿಗಳು ಮುಚ್ಚಿರಲಿ, ಹಲ್ಲುಗಳು ಬಿಡಿಯಾಗಿರಲಿ, ನಾಲಿಗೆಯ ತುದಿ ಮೇಲಿನ ಮುಂದಿನ ಹಲ್ಲುಗಳ ಹಿಂದೆ ಹಗುರವಾಗಿ ಒರಗಿರಲಿ. ಇದನ್ನು ಕೇಳಿ ತಲೆಯಾಡಿಸಿದವರೂ ಐದು ನಿಮಿಷದಲ್ಲಿ ಮರೆತು ಹಲ್ಲು ಕಚ್ಚಿಕೊಂಡಿರುತ್ತಾರೆ. ಅದಕ್ಕಾಗಿ ನನ್ನ ಅಕ್ಕನ ಮಗಳು ಕಾಲೇಜಿಗೆ ಹೋಗಿಬರುವ ಮೆಟ್ರೊ ಪ್ರಯಾಣವನ್ನೇ ಬಳಸಿಕೊಂಡಳು. ಮುಂದಿನ ನಿಲ್ದಾಣದ ಹೆಸರು ಕೇಳಿಸಿದಾಗಲೆಲ್ಲ ಹಲ್ಲುಗಳು ತಾಗಿವೆಯೇ ಎಂದು ನೋಡಿಕೊಂಡು, ತಾಗಿದ್ದರೆ ಭುಜ ಇಳಿಸಿ ದವಡೆಯನ್ನು ಸಡಿಲಬಿಡುತ್ತಿದ್ದಳು. ಗಲ್ಲಕ್ಕೆ ಅಂಗೈ ಆನಿಸಿ ಓದುವುದನ್ನೂ ಚ್ಯೂಯಿಂಗ್ ಗಮ್ ಅಗಿಯುವುದನ್ನೂ ಬಿಟ್ಟಳು.

ಊಟದ ವಿಷಯದಲ್ಲಿ ನಮ್ಮ ನಾಡಿನವರು ಪುಣ್ಯವಂತರು. ರಾಗಿ ಮುದ್ದೆಯನ್ನು ಸಣ್ಣ ತುತ್ತು ಮಾಡಿ ಸಾರಿನಲ್ಲಿ ಅದ್ದಿ ನುಂಗುವುದರಿಂದ ದವಡೆಗೆ ಕೆಲಸವೇ ಇರುವುದಿಲ್ಲ. ಇಡ್ಲಿ, ಪೊಂಗಲ್, ಮೊಸರನ್ನಗಳೂ ಆಗುತ್ತವೆ. ನೋವಿರುವ ಎರಡು ಮೂರು ವಾರ ಚಕ್ಕುಲಿ, ಕೋಡುಬಳೆ, ಕಟಕ್ ರೊಟ್ಟಿ, ಸುಟ್ಟ ಮುಸುಕಿನ ಜೋಳ ಬೇಡ. ಸಂಕ್ರಾಂತಿಯ ಕಬ್ಬನ್ನು ಹಲ್ಲಿನಿಂದ ಸಿಗಿಯುವುದಂತೂ ಬೇಡವೇ ಬೇಡ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ದಿನಕ್ಕೆ ಎರಡು ಮೂರು ಬಾರಿ, ಹತ್ತು ಹದಿನೈದು ನಿಮಿಷ ಕೆನ್ನೆಯ ಮೇಲಿಟ್ಟುಕೊಳ್ಳಿ. ಆಕಳಿಕೆ ಬಂದಾಗ ಗಲ್ಲದ ಕೆಳಗೆ ಮುಷ್ಟಿಯಿಟ್ಟು ಬಾಯಿ ಅತಿಯಾಗಿ ತೆರೆಯದಂತೆ ತಡೆಯಿರಿ. ನಿದ್ದೆಗೆಟ್ಟು ಓದುವ ಒತ್ತಡವೇ ಮೂಲವೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ದವಡೆ ನೋವಿಗೂ ಮನಸ್ಸಿಗೂ ಏನು ಸಂಬಂಧ ಎಂದು ಸಂಕೋಚಪಡಬೇಕಾಗಿಲ್ಲ.

ನೋವು ಎರಡು ಮೂರು ವಾರಗಳಲ್ಲಿ ಇಳಿಯದಿದ್ದರೆ, ಅಥವಾ ಬಾಯಿ ತೆರೆಯುವ ಅಳತೆ ಕುಗ್ಗುತ್ತಿದ್ದರೆ, ವೈದ್ಯರಿಗೆ ತೋರಿಸಬೇಕು. ವಿಕ್ಟೋರಿಯಾ ಆಸ್ಪತ್ರೆಯ ಪಕ್ಕದ ಕೋಟೆ ಪ್ರದೇಶದಲ್ಲಿರುವ ಸರ್ಕಾರಿ ದಂತ ಕಾಲೇಜಿನಲ್ಲಿ ಬಾಯಿಯ ರೋಗಗಳ ವಿಭಾಗವನ್ನು ಕೇಳಿಕೊಂಡು ಹೋಗಿ. ದವಡೆ ಬಿಗಿಯುವುದಕ್ಕೆಲ್ಲ ಕೀಲೇ ಕಾರಣವಾಗಿರುವುದಿಲ್ಲ. ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ಹೊರಬರುವ ಬುದ್ಧಿ ಹಲ್ಲಿನ ಸುತ್ತ ಕೀವಾದರೂ ಬಾಯಿ ತೆರೆಯಲಾಗುವುದಿಲ್ಲ. ಗುಟ್ಕಾ, ಅಡಿಕೆ ಅಗಿಯುವವರಲ್ಲಿ ಕೆನ್ನೆಯ ಒಳಪದರವೇ ಗಟ್ಟಿಯಾಗಿ ಬಾಯಿ ಕಿರಿದಾಗುತ್ತಾ ಹೋಗುತ್ತದೆ. ಅದು ಮುಂದೆ ಕ್ಯಾನ್ಸರ್ ಆಗಬಹುದಾದ ಸ್ಥಿತಿ. ಅಭ್ಯಾಸವಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ. ಜ್ವರ, ಊತ, ಮುಖದಲ್ಲಿ ಮರಗಟ್ಟುವಿಕೆ ಇದ್ದರೆ, ತೆರೆದ ಬಾಯಿ ಮುಚ್ಚಲಾಗದೆ ಸಿಕ್ಕಿಕೊಂಡರೆ ವಾರಗಟ್ಟಲೆ ಕಾಯದೆ ಅಂದೇ ಹೋಗಬೇಕು. ಸಿಕ್ಕಿಕೊಂಡ ದವಡೆಯನ್ನು ಗೆಳೆಯರು ಎಳೆದು ಕೂರಿಸಲು ಯತ್ನಿಸಬಾರದು.

ಚಿಕಿತ್ಸೆಯ ಸಲಹೆ ಬಂದಾಗ, ಇದರಿಂದಾಗುವ ಬದಲಾವಣೆಯನ್ನು ಆಮೇಲೆ ಮೊದಲಿನಂತೆ ಮಾಡಲು ಸಾಧ್ಯವೇ ಎಂದು ಕೇಳಿ. ದೀರ್ಘಕಾಲದ ದವಡೆ ನೋವಿನ ಬಗ್ಗೆ 2023ರ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮಾರ್ಗಸೂಚಿಯು ತರಬೇತಿ ಪಡೆದವರ ಮೇಲ್ವಿಚಾರಣೆಯ ವ್ಯಾಯಾಮ, ಕೈಯಿಂದ ಕೀಲನ್ನು ಸಡಿಲಿಸುವ ಚಿಕಿತ್ಸೆ ಮತ್ತು ಯೋಚನೆ, ಅಭ್ಯಾಸಗಳನ್ನು ತಿದ್ದುವ ವರ್ತನಾ ಚಿಕಿತ್ಸೆಯನ್ನು ಬಲವಾಗಿ ಶಿಫಾರಸು ಮಾಡುತ್ತದೆ. ಮೇಲಿನ ಕೆಳಗಿನ ಹಲ್ಲುಗಳು ಕೂಡುವ ರೀತಿಯನ್ನು ಶಾಶ್ವತವಾಗಿ ಬದಲಿಸುವ ಸಾಧನಗಳು ಬೇಡವೆಂದೂ ಅಷ್ಟೇ ಬಲವಾಗಿ ಹೇಳುತ್ತದೆ. ಉಜ್ಜಿ ತೆಗೆದ ಹಲ್ಲಿನ ಕವಚ ಮತ್ತೆ ಬೆಳೆಯುವುದಿಲ್ಲ. ಅಕ್ಕನ ಮಗಳು ಆ ಕ್ಲಿನಿಕ್ಕಿಗೆ ಮತ್ತೆ ಹೋಗಲಿಲ್ಲ. ಟಕ್ ಎಂಬ ಸದ್ದು ಈಗಲೂ ಇದೆ, ನೋವು ಇಲ್ಲ.