ಚಿಕ್ಕ ಡೆಸ್ಕ್‌ಟಾಪ್‌ಗೆ ಇನ್ನೊಂದು ಎಸ್‌ಎಸ್‌ಡಿ ಹಾಕೋದು ಹೇಗೆ

ಎಸ್‌ಎಸ್‌ಡಿ (ಫೈಲ್ಸ್ ಇಡೋ ಡ್ರೈವ್) ತಗೊಳೋಕ್ ಮುಂಚೆ ನಿಮ್ಮ ಮಾಡೆಲ್‌ನ ಮ್ಯಾನ್ಯುಯಲ್ ನೋಡ್ಬಿಡಿ, ಒಳಗೆ ಖಾಲಿ ಎಂ.2 ಸ್ಲಾಟ್ (ಪಟ್ಟಿ ಥರದ ತೆಳು ಡ್ರೈವ್ ಕೂರಿಸೋ ಜಾಗ) ಇದೆಯಾ ಇಲ್ಲ ಬರೀ 2.5 ಇಂಚಿನ ಸಾಟಾ ಡ್ರೈವ್‌ಗೆ (ಚಪ್ಪಟೆ ಡಬ್ಬಿ ಥರದ್ದು) ಜಾಗ ಇದೆಯಾ ಅಂತ. ಎಂ.2 ಇದ್ರೂ ಅದು ಎನ್‌ವಿಎಂಇನಾ ಸಾಟಾನಾ (ಡ್ರೈವ್ ಕಂಪ್ಯೂಟರ್ ಜೊತೆ ಡೇಟಾ ಸಾಗಿಸೋ ಎರಡು ಬೇರೆ ವಿಧಾನ) ಗೊತ್ತಿರ್ಬೇಕು, ಯಾಕಂದ್ರೆ ಎನ್‌ವಿಎಂಇ ಮಾತ್ರ ತಗೊಳೋ ಸ್ಲಾಟಲ್ಲಿ ಎಂ.2 ಸಾಟಾ ಡ್ರೈವ್ ಆರಾಮಾಗಿ ಕೂತ್ಕೊಳತ್ತೆ ಆದ್ರೆ ಕಂಪ್ಯೂಟರ್‌ಗೆ ಕಾಣಿಸೋದೇ ಇಲ್ಲ, ಆಮೇಲೆ ಡ್ರೈವೇ ಹಾಳು ಅಂದ್ಕೊಂಡು ತಲೆ ಕೆಡಿಸ್ಕೊಳ್ಳೋದು. ಸೈಜ್ ಕೂಡ ನೋಡಿ, 2280 ಅಂದ್ರೆ 22 ಮಿಮೀ ಅಗಲ, 80 ಮಿಮೀ ಉದ್ದ. ಪುಟ್ಟದೊಂದು ಸ್ಲಾಟ್ ಕಂಡ್ರೆ ಖುಷಿಪಡ್ಬೇಡಿ, ಅದು ವೈಫೈ ಕಾರ್ಡ್‌ದು ಇರ್ಬಹುದು.

ಮುಖ್ಯವಾದ ಫೈಲ್ಸ್ ಬ್ಯಾಕಪ್ ಮಾಡಿ, ಶಟ್‌ಡೌನ್ ಮಾಡಿ ಪವರ್ ಕೇಬಲ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡೀರಿ. ಕವರ್ ತೆಗೆದ್ಮೇಲೆ ಕೇಸಿನ ಲೋಹದ ಭಾಗ ಒಂದ್ಸಲ ಮುಟ್ಟಿ, ಮೈಯಲ್ಲಿರೋ ಸ್ಟ್ಯಾಟಿಕ್ ವಿದ್ಯುತ್ ಹೋಗತ್ತೆ. ಎಂ.2 ಡ್ರೈವನ್ನ ಸ್ವಲ್ಪ ಓರೆಯಾಗಿ ಸ್ಲಾಟಿನ ಪೂರ್ತಿ ಒಳಗೆ ತಳ್ಳಿ, ಇನ್ನೊಂದು ತುದಿನ ಮೆಲ್ಲಗೆ ಕೆಳಗೊತ್ತಿ ಸ್ಕ್ರೂ ಹಾಕಿ, ಜಾಸ್ತಿ ಬಿಗಿ ಬೇಡ. ಈ ಸ್ಕ್ರೂ ಎಷ್ಟೋ ಸಲ ಡ್ರೈವ್ ಜೊತೆ ಬರಲ್ಲ, ಮೊದ್ಲೇ ನೋಡ್ಕೊಳ್ಳಿ.

ಆನ್ ಮಾಡಿದ್ ತಕ್ಷಣ ವಿಂಡೋಸಲ್ಲಿ ಹೊಸ ಡ್ರೈವ್ ಕಾಣಲ್ಲ, ಗಾಬರಿ ಬೇಡ, ಡಿಸ್ಕ್ ಮ್ಯಾನೇಜ್‌ಮೆಂಟ್ (ವಿಂಡೋಸ್ ಜೊತೆನೇ ಬರೋ ಟೂಲ್) ಓಪನ್ ಮಾಡಿ, ಹೊಸ ಡ್ರೈವನ್ನ ಜಿಪಿಟಿ (ಡಿಸ್ಕಿನ ವಿಭಾಗಗಳ ಲೆಕ್ಕ ಇಡೋ ವಿಧಾನ) ಅಂತ ಇನಿಶಿಯಲೈಸ್ ಮಾಡಿ ಫಾರ್ಮ್ಯಾಟ್ ಕೊಡಿ, ಹಳೇ ಡ್ರೈವನ್ನ ಮಾತ್ರ ಮುಟ್ಬೇಡಿ.