ಆಜ್ಞೆಗಿಂತ ಮೊದಲಿನ ವಾಕ್ಯ

ಮಂಗಳೂರಿನ ನಮ್ಮ ಕ್ರೈಸ್ತ ಸಭೆಯಲ್ಲಿ ದೃಢೀಕರಣಕ್ಕೆ, ಅಂದರೆ ತಮ್ಮ ನಂಬಿಕೆಯನ್ನು ಸಭೆಯೆದುರು ತಾವೇ ಒಪ್ಪಿಕೊಳ್ಳುವ ವಿಧಿಗೆ, ಸಿದ್ಧರಾಗುವ ಮಕ್ಕಳಿಗೆ ದಶಾಜ್ಞೆಗಳ ಪಾಠ ಮಾಡುವುದು ನನ್ನ ಪಾಲಿನ ಕೆಲಸ. ನಾವು ಕಲಿಯುವಾಗ ನೇರವಾಗಿ ಒಂದನೆಯ ಆಜ್ಞೆಯಿಂದ ಶುರುಮಾಡಿ ಕಂಠಪಾಠ ಒಪ್ಪಿಸುತ್ತಿದ್ದೆವು. ನಾನು ಒಂದು ವಾಕ್ಯ ಹಿಂದಕ್ಕೆ ಹೋಗುತ್ತೇನೆ. ಬೈಬಲಿನ ವಿಮೋಚನಕಾಂಡ 20ನೆಯ ಅಧ್ಯಾಯದಲ್ಲಿ ದೇವರು ಇಸ್ರಾಯೇಲ್ಯರಿಗೆ ಯಾವ ಆಜ್ಞೆಯನ್ನೂ ಕೊಡುವ ಮುಂಚೆ, ಐಗುಪ್ತದ ಗುಲಾಮತನದಿಂದ ನಿನ್ನನ್ನು ಬಿಡಿಸಿ ತಂದವನು ನಾನು ಎನ್ನುತ್ತಾನೆ. ಬಿಡುಗಡೆ ಮೊದಲು, ಆಜ್ಞೆಗಳು ಸಿಕ್ಕ ಸೀನಾಯಿ ಬೆಟ್ಟ ಆಮೇಲೆ. ಈ ಕ್ರಮ ತಲೆಕೆಳಗಾದರೆ ಕ್ರೈಸ್ತ ಜೀವನವೆಲ್ಲ ತಿಂಗಳು ತಿಂಗಳು ಬಾಡಿಗೆ ಕಟ್ಟಿ ಮನೆ ಉಳಿಸಿಕೊಂಡಂತೆ ಆಗುತ್ತದೆ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನಲ್ಲಿ ಲೂಥರನ್ ಮತ್ತು ರಿಫಾರ್ಮ್ಡ್ ಎಂಬ ಎರಡೂ ಪ್ರಾಟೆಸ್ಟಂಟ್ ಪರಂಪರೆಗಳು ಬೆರೆತಿದ್ದವು. ನಾನೂ ಎರಡರಿಂದಲೂ ತೆಗೆದುಕೊಳ್ಳುತ್ತೇನೆ. 1529ರ ಲೂಥರನ ಚಿಕ್ಕ ಧರ್ಮೋಪದೇಶದಲ್ಲಿ ಆಜ್ಞೆಗಳು ಆರಂಭದಲ್ಲೇ ಬರುತ್ತವೆ. ಅವುಗಳ ವಿವರಣೆಯಲ್ಲಿ ದೇವರಿಗೆ ಭಯಪಡಬೇಕು, ದೇವರನ್ನು ಪ್ರೀತಿಸಬೇಕು ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ರಿಫಾರ್ಮ್ಡ್ ಪರಂಪರೆಯ 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರದಲ್ಲಿ ಮೂರು ಭಾಗಗಳು: ಮನುಷ್ಯನ ದುರವಸ್ಥೆ, ಬಿಡುಗಡೆ, ಕೃತಜ್ಞತೆ. ದಶಾಜ್ಞೆಗಳ ವಿವರಣೆ ಇರುವುದು ಈ ಮೂರನೆಯ ಭಾಗದಲ್ಲಿ, ಪ್ರಾರ್ಥನೆಯ ಪಾಠದ ಪಕ್ಕದಲ್ಲೇ. ಕಲಿಸಲು ನನಗೆ ಇದಕ್ಕಿಂತ ಒಳ್ಳೆಯ ಕ್ರಮ ಸಿಕ್ಕಿಲ್ಲ.

ಪರೀಕ್ಷೆಯಲ್ಲಿ ನಕಲು ಮಾಡದಿರುವುದು ಏಕೆ ಎಂದು ಹೆಸರಿಲ್ಲದ ಚೀಟಿಯಲ್ಲಿ ಬರೆಯಿರಿ ಎಂದು ಮಕ್ಕಳಿಗೆ ಹೇಳುತ್ತೇನೆ. ಸಿಕ್ಕಿಬಿದ್ದರೆ ಎಂಬ ಭಯ, ಅಮ್ಮ ಬೈಯುತ್ತಾರೆ, ದೇವರು ಶಿಕ್ಷಿಸುತ್ತಾನೆ, ಒಳ್ಳೆಯವರಿಗೆ ಆಶೀರ್ವಾದ ಸಿಗುತ್ತದೆ ಎಂಬ ಉತ್ತರಗಳೇ ಹೆಚ್ಚು. ಅವುಗಳನ್ನು ತಪ್ಪೆಂದು ಹೊಡೆದುಹಾಕುವುದಿಲ್ಲ. ಇಸ್ರಾಯೇಲ್ಯರನ್ನು ಐಗುಪ್ತದಿಂದ ನಡೆಸಿ ತಂದ ಮೋಶೆ ಮುಂದೆ ಬರುವ ಪ್ರತಿಫಲದ ಮೇಲೆ ಕಣ್ಣಿಟ್ಟಿದ್ದನೆಂದು ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರವೇ ಹೇಳುತ್ತದೆ. ಭಯ ಕೈಯನ್ನು ಸ್ವಲ್ಪ ಹೊತ್ತು ತಡೆದೀತು. ಆದರೆ ಭಯದಿಂದ ಯಾರೂ ಯಾರನ್ನೂ ಪ್ರೀತಿಸಿದ್ದನ್ನು ನಾನು ಕಂಡಿಲ್ಲ.

ಇದನ್ನು ಪಾಠದಲ್ಲಿ ಹೇಳುವುದು ಸುಲಭ. ಭಾನುವಾರ ಮಧ್ಯಾಹ್ನ ಹಾಸಿಗೆ ಹಿಡಿದಿರುವ ಅಜ್ಜಿಯೊಬ್ಬರ ಮನೆಗೆ ಹೋಗುತ್ತೇನೆ. ಅವರ ಕಾಲುಗುರುಗಳು ದಪ್ಪವಾಗಿ ಒಳಕ್ಕೆ ಬಾಗಿವೆ. ಬಿಸಿನೀರಿನ ಬೋಗುಣಿಯಲ್ಲಿ ಪಾದ ನೆನೆಯಿಟ್ಟು, ಉಗುರು ಮೆತ್ತಗಾದ ಮೇಲೆ ಅಂಚಿನಿಂದ ಸ್ವಲ್ಪ ಸ್ವಲ್ಪವೇ ಕತ್ತರಿಸಬೇಕು. ಅವಸರ ಮಾಡಿದರೆ ರಕ್ತ ಬರುತ್ತದೆ. ಅವರಿಗೆ ನನ್ನ ಗುರುತು ಹತ್ತುವುದಿಲ್ಲ. ಕೆಲವೊಮ್ಮೆ ಕಾಲು ಝಾಡಿಸಿ ಬೈಯುತ್ತಾರೆ. ಅಂಥ ದಿನ, ಸಭೆಯಲ್ಲಿ ಇಷ್ಟು ಜನರಿದ್ದೂ ಯಾರೂ ಬರುವುದಿಲ್ಲವಲ್ಲ ಎಂಬ ಲೆಕ್ಕ ಒಳಗೇ ಶುರುವಾಗುತ್ತದೆ. ಲೂಕನ ಸುವಾರ್ತೆಯ 15ನೆಯ ಅಧ್ಯಾಯದ ಕಥೆಯಲ್ಲಿ, ಆಸ್ತಿ ಹಾಳುಮಾಡಿ ಮರಳಿದ ತಮ್ಮನಿಗೆ ತಂದೆ ಔತಣ ಮಾಡಿದಾಗ ದೊಡ್ಡ ಮಗ ಆಡುವ ದನಿ ಇದೇ: ಇಷ್ಟು ವರ್ಷ ದುಡಿದೆ, ಒಂದು ಆಡಿನ ಮರಿಯನ್ನಾದರೂ ಕೊಟ್ಟೆಯಾ? ಅವನು ತಂದೆಯ ಮಾತು ಮೀರಿದವನಲ್ಲ. ಆದರೂ ತಂದೆಯ ಮನೆಯಲ್ಲೇ ಕೂಲಿಯವನಂತೆ ಬದುಕಿದ. ತಂದೆ ಅವನಿಗಾಗಿಯೂ ಹೊರಗೆ ಬಂದು ಬೇಡಿಕೊಂಡನು ಎಂಬ ಮಾತು ನನ್ನನ್ನು ಪ್ರತಿ ಸಲವೂ ಹಿಡಿದು ನಿಲ್ಲಿಸುತ್ತದೆ.

ಆ ಲೆಕ್ಕ ಕೇಳಿಸಿದಾಗ ಕೆಲಸ ಬಿಟ್ಟು ಏಳುವುದಿಲ್ಲ. ಮನಸ್ಸು ಶುದ್ಧವಾಗಲಿ, ಆಮೇಲೆ ಮಾಡೋಣ ಎಂದು ಕಾದರೆ ಅಜ್ಜಿಯ ಉಗುರು ಬೆಳೆಯುತ್ತಲೇ ಇರುತ್ತದೆ. ಬತ್ತಿದ ಮನಸ್ಸಿನಿಂದ ಮಾಡಿದ ವಿಧೇಯತೆಯನ್ನು ಕಪಟವೆನ್ನಲು ನಾನು ಒಪ್ಪುವುದಿಲ್ಲ. ಕತ್ತರಿಸುತ್ತಲೇ, ನನಗೆ ಉಚಿತವಾಗಿ ಸಿಕ್ಕಿದ್ದನ್ನು ಒಂದೊಂದಾಗಿ ಹೆಸರಿಟ್ಟು ಹೇಳಿಕೊಳ್ಳುತ್ತೇನೆ: ಕ್ಷಮಿಸಲ್ಪಟ್ಟ ಪಾಪ, ನನ್ನ ಕಾಯಿಲೆಯಲ್ಲಿ ರಾತ್ರಿಯಿಡೀ ಕೂತವರು, ಕರ್ತನ ಭೋಜನದ ರೊಟ್ಟಿ. ಒಮ್ಮೊಮ್ಮೆ ಮನಸ್ಸು ಕರಗುತ್ತದೆ, ಒಮ್ಮೊಮ್ಮೆ ಇಲ್ಲ.

ಇನ್ನೊಂದು ಅಭ್ಯಾಸ, ಯಾರಿಗೂ ತಿಳಿಯದ ಒಂದು ಕೆಲಸ ಇಟ್ಟುಕೊಂಡಿರುವುದು. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದೆಂದು ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಯೇಸು ಹೇಳಿದ್ದನ್ನು ಅಕ್ಷರಶಃ ತೆಗೆದುಕೊಂಡಿದ್ದೇನೆ. ಬೆಳೆ ಹಬ್ಬದಲ್ಲಿ ಕಾಣಿಕೆಯಾಗಿ ಬಂದ ಫಸಲಿನ ಏಲಂನಲ್ಲಿ ಎಲ್ಲರೆದುರು ಕೂಗಿ ಬಾಳೆಗೊನೆ ಕೊಳ್ಳುವುದರಲ್ಲಿ ದೋಷವಿಲ್ಲ. ಆ ಸಂತೋಷ ಸಭೆಗೆ ಬೇಕು. ಆದರೆ ಮೆಚ್ಚುಗೆಯ ಆಸರೆಯಿಲ್ಲದೆ ನಿಲ್ಲುವ ಕೆಲಸವೂ ಒಂದು ಬೇಕು. ಅದೇನೆಂದು ಇಲ್ಲಿಯೂ ಬರೆಯುವುದಿಲ್ಲ.

ಅಜ್ಜಿಯ ಮನೆಗೆ ಬರಲು ಇಷ್ಟಪಡುವ ಮಕ್ಕಳನ್ನು ಜೊತೆಗೆ ಕರೆದೊಯ್ಯುತ್ತೇನೆ. ಅದಕ್ಕೆ ಹಾಜರಿಯಿಲ್ಲ, ಫೋಟೋ ತೆಗೆಯುವಂತಿಲ್ಲ. ನೀರು ಕಾಯಿಸುವುದು ಅವರ ಕೆಲಸ.