ರಿವರ್ಸ್ ಹಾಕೋದಾ, ಮೂತಿ ಮುಂದಾಗಿ ನುಗ್ಗಿಸೋದಾ?

ಮಾಲ್‌ನ ಬೇಸ್‌ಮೆಂಟಿನಲ್ಲಿ ಜಾಗ ಕಂಡ ತಕ್ಷಣ ಹೆಚ್ಚಿನವರು ಕಾರನ್ನು ಸೀದಾ ಒಳಗೆ ನುಗ್ಗಿಸುತ್ತಾರೆ. ಹಿಂದಿನವನು ಹಾರ್ನ್ ಹೊಡೆಯುತ್ತಿರುವಾಗ ಇನ್ನೇನು ಮಾಡೋದು? ತೊಂದರೆ ಶುರುವಾಗುವುದು ಹೊರಡುವಾಗ. ಎರಡೂ ಪಕ್ಕ ಎತ್ತರದ ಗಾಡಿ. ದಾರಿ ಕಾಣಬೇಕಾದರೆ ಅರ್ಧ ಕಾರು ಆಗಲೇ ಹೊರಗೆ ಬಂದಿರಬೇಕು. ಅಷ್ಟರಲ್ಲಿ ಸ್ಕೂಟರೊಂದು ಸರ್ರನೆ ದಾಟಿರುತ್ತದೆ.

ಒಂದು ಸಲವಾದರೂ ರಿವರ್ಸ್ ತೆಗೆಯಲೇಬೇಕು, ಅಲ್ವಾ? ಜನ ಓಡಾಡುವ ದಾರಿಗೆ ಹಿಂದಕ್ಕೆ ಬರುವುದಕ್ಕಿಂತ ಖಾಲಿ ಜಾಗಕ್ಕೆ ಹಿಂದಕ್ಕೆ ಹೋಗುವುದು ವಾಸಿ. ಎಷ್ಟೋ ಕಾರ್ಖಾನೆಗಳಲ್ಲಿ 'ರಿವರ್ಸ್ ಪಾರ್ಕಿಂಗ್ ಮಾತ್ರ' ಎಂಬ ಬೋರ್ಡ್ ಇರುವುದು ಇದಕ್ಕೇ. ತುರ್ತಿನಲ್ಲಿ ಎಲ್ಲರೂ ನೇರ ಹೊರಡಬಹುದು.

ಇನ್ನೊಂದು ಕಾರಣವೂ ಇದೆ. ಸ್ಟೇರಿಂಗ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಮುಂದಾಗಿ ನುಗ್ಗಿದರೆ ಹಿಂದಿನ ಚಕ್ರ ಒಳಮೂಲೆಗೆ ಹತ್ತಿಕೊಂಡು ಬರುತ್ತದೆ. ಬಾಗಿಲು ಕಂಬಕ್ಕೆ ಉಜ್ಜುವುದು ಆಗಲೇ. ರಿವರ್ಸ್‌ನಲ್ಲಿ ಹಿಂಭಾಗ ಮೊದಲು ಸೇರಿಕೊಳ್ಳುತ್ತದೆ, ಮೂತಿಯನ್ನು ಆಮೇಲೆ ತಿರುಗಿಸಿ ತರಬಹುದು.

ಮಾಡುವುದು ಹೀಗೆ. ಆಯ್ಕೆ ಇದ್ದರೆ ಬಲಗಡೆಯ ಜಾಗವನ್ನೇ ಹಿಡಿಯಿರಿ. ಡ್ರೈವರ್ ಸೀಟು ಬಲಕ್ಕಿರುವುದರಿಂದ ಆ ಕಡೆ ಚೆನ್ನಾಗಿ ಕಾಣುತ್ತದೆ. ಇಂಡಿಕೇಟರ್ ಹಾಕಿ. ನಿಂತ ಕಾರುಗಳಿಂದ ಸುಮಾರು ಒಂದು ಮೀಟರ್ ಬಿಟ್ಟು ನಿಧಾನಕ್ಕೆ ಮುಂದೆ ಬನ್ನಿ. ನಿಮ್ಮ ಭುಜ ಖಾಲಿ ಜಾಗದ ನಡುವಿಗೆ ಬಂದಾಗ ಫುಲ್ ಎಡಕ್ಕೆ ಕಟ್ ಮಾಡಿ, ಕಾರು ಓರೆಯಾಗುವವರೆಗೆ ಮುಂದೆ ಹೋಗಿ. ಈಗ ಡಿಕ್ಕಿ ಆ ಜಾಗದ ಕಡೆ ತಿರುಗಿರುತ್ತದೆ. ನಿಲ್ಲಿಸಿ, ರಿವರ್ಸ್ ಗೇರ್ ಹಾಕಿ, ಫುಲ್ ಬಲಕ್ಕೆ ಕಟ್ ಮಾಡಿ, ಹಾಫ್ ಕ್ಲಚ್‌ನಲ್ಲಿ ಬಿಡುತ್ತಾ ಬನ್ನಿ.

ಈ ಹೊತ್ತಿನಲ್ಲಿ ಕಣ್ಣು ಬಲಗನ್ನಡಿಯಲ್ಲಿರಲಿ. ಪಕ್ಕದ ಕಾರಿನ ಮೂಲೆಗೂ ನಿಮ್ಮ ಹಿಂದಿನ ಚಕ್ರಕ್ಕೂ ಎಷ್ಟು ಸಂದಿ ಇದೆ ಎಂಬುದೇ ಮುಖ್ಯ. ಮಧ್ಯೆ ಮಧ್ಯೆ ಎಡಕ್ಕೂ ನೋಡಿ, ಮೂತಿ ಆ ಕಡೆ ಅಗಲವಾಗಿ ಬೀಸಿಕೊಂಡು ಬರುತ್ತದೆ. ಹೊಸಬರು ಹಿಂದೆಯೇ ನೋಡುತ್ತಾ ಎದುರಿನ ಗಾಡಿಗೆ ತಾಗಿಸುವುದು ಇಲ್ಲೇ. ಕಾರು ಪಕ್ಕದವುಗಳಿಗೆ ಸಮಾನಾಂತರವಾದಾಗ ಸ್ಟೇರಿಂಗ್ ನೇರ ಮಾಡಿ ಹಿಂದಕ್ಕೆ ಬಿಡಿ. ಸೊಟ್ಟಗಾಯಿತೇ? ಅಲ್ಲೇ ಗುದ್ದಾಡಬೇಡಿ. ಮುಂದೆ ಬಂದು ನೇರ ಮಾಡಿಕೊಂಡು ಮತ್ತೆ ಹೋಗಿ.

ಓರೆಯಾಗಲೂ ಜಾಗವಿಲ್ಲದ ಇಕ್ಕಟ್ಟಾದರೆ ನೇರವಾಗಿಯೇ ಮುಂದೆ ಹೋಗಿ. ಹಿಂದಿನ ಬಂಪರ್ ಆಚೆ ಪಕ್ಕದ ಕಾರನ್ನು ಹೆಚ್ಚುಕಡಿಮೆ ದಾಟಿದ ಮೇಲೆ ಫುಲ್ ಬಲಕ್ಕೆ ಕಟ್ ಮಾಡಿ ಹಿಂದಕ್ಕೆ ಬನ್ನಿ.

2019ರ ಜುಲೈ 1ರಿಂದ ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯ. ಅದು ಕೂಗುತ್ತದೆ ಅಂತ ಸುಮ್ನೆ ಅದರ ಮೇಲೇ ಭಾರ ಹಾಕಬೇಡಿ. ಸಣ್ಣ ಸರಳು, ಗಿಡ್ಡ ಕಟ್ಟೆ ಅದಕ್ಕೆ ತಿಳಿಯದೆ ಹೋಗಬಹುದು. ಮಳೆಗಾಲದಲ್ಲಿ ಕ್ಯಾಮೆರಾ ಮೇಲೆ ಕೆಸರು ಬೇರೆ. 'ಬರ್ಲಿ, ಬರ್ಲಿ' ಎನ್ನುವ ಸೆಕ್ಯೂರಿಟಿಯವರ ಮಾತು ಕೇಳಿ, ಆದರೆ ಕನ್ನಡಿ ಬಿಡಬೇಡಿ. ಅವರು ನಿಂತಿರುವುದು ಒಂದು ಕಡೆ ಮಾತ್ರ.

ಹಾಗಂತ ಯಾವಾಗಲೂ ರಿವರ್ಸೇ ಅಂತಿಲ್ಲ. ತಿಂಗಳ ದಿನಸಿ ತರಲು ಹೋದಾಗ ಡಿಕ್ಕಿ ಗೋಡೆಗೆ ತಾಗಿದ್ದರೆ ಅಕ್ಕಿ ಮೂಟೆ ಎಲ್ಲಿಂದ ಹಾಕುತ್ತೀರಿ? ಅಪಾರ್ಟ್‌ಮೆಂಟಿನ ನೆಲಮಹಡಿ ಕಿಟಕಿಯ ಎದುರು ಸೈಲೆನ್ಸರ್ ಇಟ್ಟರೆ ಹೊಗೆಯೆಲ್ಲ ಅವರ ಮನೆಯೊಳಗೆ. ಎಲೆಕ್ಟ್ರಿಕ್ ಕಾರಾದರೆ ಚಾರ್ಜಿಂಗ್ ಕಿಂಡಿ ಎಲ್ಲಿದೆ ನೋಡಿಕೊಳ್ಳಿ. ಎಂಜಿ ಝಡ್‌ಎಸ್ ಇವಿಯಲ್ಲಿ ಅದು ಮುಂದೆಯೇ ಇದೆ, ಗೋಡೆಗೆ ಚಾರ್ಜರ್ ಇದ್ದರೆ ಮೂತಿ ಮುಂದಾಗಿ ಹೋಗುವುದೇ ಸರಿ. ಇನ್ನು ಏಕಮುಖ ದಾರಿಯಲ್ಲಿ ಓರೆ ಗೆರೆ ಹಾಕಿರುವ ಕಡೆ ಗೆರೆ ಹೇಳಿದಂತೆ ನಿಲ್ಲಿಸಿ. ಅಲ್ಲಿ ಹಟ ಮಾಡಿ ರಿವರ್ಸ್ ಹಾಕಿದರೆ ಹೊರಡುವಾಗ ಮೂತಿ ಬರುವ ಗಾಡಿಗಳ ಎದುರಿಗಿರುತ್ತದೆ.